ಒಂಟಿ ಮೀನು ಕಲಿಸಿದ ಬುಕಾನನ್ ಪಾಠ

ಖಾನಾಪುರದ ಮನೆಯಲ್ಲಿ ನಾವು ಆರು ಜನ. ಬಿಇ ಓದಲು ಬೆಳಗಾವಿಯಲ್ಲಿ ಬಾಡಿಗೆ ರೂಮು ಹಿಡಿದ ಮೇಲೆ ನಾನೊಬ್ಬನೇ. ಮೂರನೇ ಸೆಮಿಸ್ಟರ್‌ನಲ್ಲಿ ಎರಡು ಬ್ಯಾಕ್‌ಲಾಗ್ ಉಳಿದವು. ಯಾರಿಗೂ ಹೇಳಲಿಲ್ಲ. ಬೇಸರ ಕಳೆಯಲೆಂದು ಒಂದು ಝೀಬ್ರಾ ಮೀನು ತಂದು ಗಾಜಿನ ಭರಣಿಯಲ್ಲಿ ಬಿಟ್ಟೆ. ಅದು ಮೂಲೆ ಬಿಟ್ಟು ಕದಲಲಿಲ್ಲ, ಹಾಕಿದ ಆಹಾರ ಮುಟ್ಟಲಿಲ್ಲ. ಇದು ಗುಂಪಿನಲ್ಲಿ ಬದುಕುವ ಮೀನು, ಕನಿಷ್ಠ ಆರಾದರೂ ಇರಬೇಕು ಎಂದು ಅಂಗಡಿಯ ಅಣ್ಣ ತಿಳಿಸಿದರು.

ಈ ಮೀನಿಗೆ ಹೆಸರಿಟ್ಟವರು ಯಾರು ಎಂದು ಹುಡುಕಿದೆ. ಸಿಕ್ಕವರು ಫ್ರಾನ್ಸಿಸ್ ಬುಕಾನನ್. ಸ್ಪರ್ಧಾತ್ಮಕ ಪರೀಕ್ಷೆಗೆ ಕರ್ನಾಟಕದ ಇತಿಹಾಸ ಓದುವವರಿಗೆ ಗೊತ್ತಿರುವ ಅದೇ ಪ್ರವಾಸಿ!

1762ರಲ್ಲಿ ಸ್ಕಾಟ್ಲೆಂಡ್‌ನಲ್ಲಿ ಹುಟ್ಟಿದ ಅವರು 21ನೇ ವಯಸ್ಸಿಗೇ ಎಡಿನ್‌ಬರೊದಲ್ಲಿ ವೈದ್ಯ ಪದವಿ ಪಡೆದರು. ಆದರೆ ನೆಲೆ ಸಿಗಲಿಲ್ಲ. ಹಡಗುಗಳಲ್ಲಿ ವೈದ್ಯರಾಗಿ ಅಲೆದರು, ಆರೋಗ್ಯ ಕೆಟ್ಟು ಮನೆ ಸೇರಿದರು. ಈಸ್ಟ್ ಇಂಡಿಯಾ ಕಂಪನಿಯ ಬಂಗಾಳ ವೈದ್ಯಕೀಯ ಸೇವೆಯಲ್ಲಿ ನೌಕರಿ ದೊರೆತದ್ದು 1794ರಲ್ಲಿ. ಆಗ ಅವರಿಗೆ 32 ವರ್ಷ.

ಟಿಪ್ಪು ಮಡಿದ ಮರುವರ್ಷ, 1800ರ ಏಪ್ರಿಲ್‌ನಲ್ಲಿ, ಮದ್ರಾಸಿನಿಂದ ಹೊರಟು ಮೈಸೂರು, ಮಲಬಾರ್, ಕೆನರಾ ಸೀಮೆಗಳನ್ನು ಸುತ್ತಿದರು. ನಮ್ಮ ಪಕ್ಕದ ಉತ್ತರ ಕನ್ನಡದ ಸೋಂದಾಕ್ಕೂ ಬಂದಿದ್ದರು. ಬೆಳೆ, ಕೂಲಿ, ನೇಕಾರಿಕೆ ಎಲ್ಲವನ್ನೂ ಜನರನ್ನೇ ಕೇಳಿ ಬರೆದುಕೊಂಡರು. 1807ರಲ್ಲಿ ಅದು ಮೂರು ಸಂಪುಟಗಳಾಗಿ ಬಂತು.

ಮುಂದೆ ಬಂಗಾಳ, ಬಿಹಾರಗಳ ಸಮೀಕ್ಷೆ ಮಾಡುತ್ತಾ ನದಿಗಳ ಮೀನುಗಳನ್ನು ಅಭ್ಯಾಸ ಮಾಡಿದರು. ಜನರ ಬಾಯಲ್ಲಿದ್ದ ಹೆಸರುಗಳನ್ನೇ ವಿಜ್ಞಾನಕ್ಕೆ ತಂದರು. ನಮ್ಮ ಸಂತೆಯಲ್ಲಿ ಸಿಗುವ ರೋಹು, ಕಾಟ್ಲಾ ಮೀನುಗಳ ವೈಜ್ಞಾನಿಕ ಹೆಸರುಗಳು ಹಾಗೆ ಬಂದವು. 1815ರಲ್ಲಿ ಊರಿಗೆ ಮರಳುವಾಗ, ವರ್ಷಗಟ್ಟಲೆ ಬರೆಸಿದ್ದ ಚಿತ್ರಗಳನ್ನು ಒಯ್ಯಲು ಗವರ್ನರ್ ಜನರಲ್ ಬಿಡಲಿಲ್ಲ. ಆದರೂ ಅವರು ಕೈಚೆಲ್ಲಲಿಲ್ಲ. 1822ರಲ್ಲಿ, 60ನೇ ವಯಸ್ಸಿನಲ್ಲಿ, ಗಂಗಾ ನದಿಯ ಮೀನುಗಳ ಗ್ರಂಥ ಹೊರತಂದರು. ಈ ಪುಟ್ಟ ಪಟ್ಟೆ ಮೀನಿಗೆ ರೇರಿಯೊ ಎಂಬ ಹೆಸರು ಸಿಕ್ಕಿದ್ದು ಅದರಲ್ಲೇ. 1829ರಲ್ಲಿ ಅವರು ತೀರಿಕೊಂಡರು.

ಇಂದು ಆ ಮೀನು ಜಗತ್ತಿನ ಪ್ರಯೋಗಾಲಯಗಳಲ್ಲಿದೆ. ಹೆದರಿದ ಝೀಬ್ರಾ ಮೀನಿಗೆ ತನ್ನವರ ಗುಂಪು ಕಣ್ಣಿಗೆ ಬಿದ್ದರೂ ಸಾಕು, ಹೆದರಿಕೆ ಇಳಿಯುತ್ತದೆ ಎಂದು 2017ರಲ್ಲಿ ಪೋರ್ಚುಗಲ್‌ನ ಸಂಶೋಧಕರು ತೋರಿಸಿದ್ದಾರೆ.

ನಾನು ಗೆಳೆಯನ ಹಳೆಯ ದೊಡ್ಡ ತೊಟ್ಟಿ ತಂದು ಇನ್ನೂ ಐದು ಮೀನು ಬಿಟ್ಟೆ. ಕೆಲವೇ ದಿನಗಳಲ್ಲಿ ಮೊದಲಿನದು ಮೂಲೆ ಬಿಟ್ಟು ಗುಂಪಿನೊಡನೆ ಓಡಾಡತೊಡಗಿತು. ಆ ಶನಿವಾರ ಖಾನಾಪುರಕ್ಕೆ ಹೋಗಿ ಬ್ಯಾಕ್‌ಲಾಗ್ ವಿಷಯ ಅವ್ವನಿಗೆ ಹೇಳಿದೆ. ಮೊದಲು ಬೈದಳು, ಆಮೇಲೆ ಊಟಕ್ಕೆ ಬಡಿಸಿದಳು. ಈಗ ನಾಲ್ವರು ಗೆಳೆಯರು ಕೂಡಿ ಓದುತ್ತೇವೆ. ಒಂದು ವಿಷಯ ಪಾಸಾಗಿದೆ, ಇನ್ನೊಂದು ಬಾಕಿ ಇದೆ. ಬುಕಾನನ್‌ಗೆ ನೌಕರಿ ಸಿಕ್ಕ ವಯಸ್ಸಿಗೆ ನನಗಿನ್ನೂ ಹನ್ನೆರಡು ವರ್ಷ ಇದೆ.