ಬ್ಯಾರಿಸ್ಟರ್ ಅಂಬೇಡ್ಕರ್: ಕಕ್ಷಿದಾರರಿಗಾಗಿ ಕಾದ ವರ್ಷಗಳು

ಡಾ. ಬಾಬಾಸಾಹೇಬ ಅಂಬೇಡ್ಕರರ ಮೇಲೆ ಪ್ರಬಂಧ ಬರೆಯದೆ ನಮ್ಮ ಶಾಲೆಯಿಂದ ಎಸ್.ಎಸ್.ಎಲ್.ಸಿ. ಮುಗಿಸಿ ಹೋದವರು ಯಾರೂ ಇರಲಾರರು. ಮಹೂ ಎಂಬ ಊರಿನಲ್ಲಿ 1891ರಲ್ಲಿ ಜನನ, ಅಮೆರಿಕ ಮತ್ತು ಇಂಗ್ಲೆಂಡಿನಲ್ಲಿ ಉನ್ನತ ಶಿಕ್ಷಣ, ಸಂವಿಧಾನ ಕರಡು ಸಮಿತಿಯ ಅಧ್ಯಕ್ಷತೆ, 1956ರಲ್ಲಿ ನಿಧನ. ಇಷ್ಟು ಬರೆದರೆ ಅಂಕ ಬರುತ್ತಿತ್ತು. ಆದರೆ ಆ ಮನುಷ್ಯ ಮನೆ ನಡೆಸಲು ಏನು ಮಾಡುತ್ತಿದ್ದರು, ತಿಂಗಳ ಬಾಡಿಗೆ ಎಲ್ಲಿಂದ ಬರುತ್ತಿತ್ತು ಎಂಬ ಪ್ರಶ್ನೆ ನಮಗೆ ಹೊಳೆದಿರಲಿಲ್ಲ. 1923ರಿಂದ ಸುಮಾರು ಎರಡು ದಶಕಗಳ ಕಾಲ ಅವರು ಮುಂಬಯಿಯಲ್ಲಿ ವಕೀಲಿ ಮಾಡಿದರು. ಬೆನ್ನಿಗೆ ಹಿರಿಯ ವಕೀಲರ ಕಚೇರಿ ಇರಲಿಲ್ಲ, ಅಪ್ಪನ ಕಾಲದ ಕಕ್ಷಿದಾರರೂ ಇರಲಿಲ್ಲ. ನಮ್ಮ ಶಾಲೆಯಲ್ಲಿ ಓದಿದ ಕೆಲವರು ಇಂದು ತಾಲ್ಲೂಕು ಕೋರ್ಟಿನಲ್ಲಿ ಕರಿಕೋಟು ಹಾಕಿಕೊಂಡು ಓಡಾಡುತ್ತಿದ್ದಾರೆ. ಈಗ ಓದುತ್ತಿರುವ ಮಕ್ಕಳಲ್ಲೂ ಲಾ ಓದಬೇಕೆಂದು ಆಸೆ ಇಟ್ಟುಕೊಂಡವರಿದ್ದಾರೆ. ಹಾಗಾಗಿ ಸ್ಮರಣ ಸಂಚಿಕೆಗೆ ಲೇಖನ ಕೇಳಿದಾಗ, ಬಾಬಾಸಾಹೇಬರ ಬದುಕಿನ ಈ ಭಾಗವನ್ನೇ ಬರೆಯೋಣ ಅನ್ನಿಸಿತು.

ಬಾಲ್ಯದ ಸಂಗತಿ ಎಲ್ಲರಿಗೂ ಗೊತ್ತಿರುವುದೇ. ಸಾತಾರಾದ ಶಾಲೆಯಲ್ಲಿ ಮನೆಯಿಂದ ತಂದ ಗೋಣಿತಾಟಿನ ಮೇಲೆ ಬೇರೆಯಾಗಿ ಕೂರಬೇಕಿತ್ತು. ಶಾಲೆಯ ಜವಾನ ಬಂದು ಮೇಲಿನಿಂದ ನೀರು ಹೊಯ್ದರೆ ಕುಡಿಯಬೇಕು, ಅವನು ಬಾರದ ದಿನ ನೀರಿಲ್ಲ. ಅಲ್ಲಿಂದ ಮುಂಬಯಿಯ ಎಲ್ಫಿನ್‌ಸ್ಟನ್ ಕಾಲೇಜಿನವರೆಗೆ ಬಂದು ಬಿ.ಎ. ಮಾಡಿದರು. 1913ರಲ್ಲಿ ಬರೋಡಾ ಮಹಾರಾಜ ಸಯಾಜಿರಾವ್ ಗಾಯಕವಾಡರ ವಿದ್ಯಾರ್ಥಿವೇತನ ಪಡೆದು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯ ಸೇರಿದರು. 1916ರಲ್ಲಿ ಲಂಡನ್ನಿಗೆ ಹೋಗಿ ಅರ್ಥಶಾಸ್ತ್ರದ ಜೊತೆಗೆ ಬ್ಯಾರಿಸ್ಟರ್ ಪದವಿಗಾಗಿ ಗ್ರೇಸ್ ಇನ್‌ಗೂ ಹೆಸರು ಹಚ್ಚಿದರು. ವಿದ್ಯಾರ್ಥಿವೇತನದ ಅವಧಿ ಮುಗಿದದ್ದರಿಂದ ಎರಡನ್ನೂ ಅರ್ಧಕ್ಕೆ ಬಿಟ್ಟು 1917ರಲ್ಲಿ ಮರಳಬೇಕಾಯಿತು.

ಕರಾರಿನಂತೆ ಬರೋಡಾ ಸಂಸ್ಥಾನದಲ್ಲಿ ನೌಕರಿಗೆ ಹೋದರು. ಆ ಊರಿನಲ್ಲಿ ಅವರಿಗೆ ಬಾಡಿಗೆಗೆ ಒಂದು ಕೋಣೆ ಸಿಗಲಿಲ್ಲ. ಪಾರ್ಸಿಗಳ ವಸತಿಗೃಹದಲ್ಲಿ ಉಳಿದುಕೊಂಡರೆ, ಜಾತಿ ಗೊತ್ತಾದ ಮೇಲೆ ದೊಣ್ಣೆ ಹಿಡಿದವರು ಬಂದು ಹೊರಗೆ ಹಾಕಿದರು. ಕಚೇರಿಯಲ್ಲಿ ಜವಾನರು ಕಡತಗಳನ್ನು ಕೈಗೆ ಕೊಡದೆ ಮೇಜಿನ ಮೇಲೆ ಎಸೆಯುತ್ತಿದ್ದರು. ಮುಂಬಯಿಗೆ ವಾಪಸು ಬಂದು ಷೇರು ವ್ಯವಹಾರದವರಿಗೆ ಸಲಹೆ ಕೊಡುವ ಸಣ್ಣ ವ್ಯವಹಾರ ಆರಂಭಿಸಿದರು. ಸಲಹೆ ಕೊಡುವವರ ಜಾತಿ ಯಾವುದೆಂದು ಸುದ್ದಿಯಾದ ಕೂಡಲೇ ಗಿರಾಕಿಗಳು ಬರುವುದು ನಿಂತಿತು, ವ್ಯವಹಾರವೂ ಮುಚ್ಚಿತು. ಕೊಲಂಬಿಯಾದಲ್ಲಿ ಅರ್ಥಶಾಸ್ತ್ರ ಓದಿ ಬಂದವರ ಸಲಹೆಗೆ ಬೆಲೆ ಸಿಗಲಿಲ್ಲ. ಸ್ವಂತ ಕಸುಬಿನಲ್ಲಿ ಅವರು ಕಂಡ ಮೊದಲ ಅನುಭವ ಇದು. ಇಂಥ ಅನುಭವ ಆದವರು ಸಾಮಾನ್ಯವಾಗಿ ತಿಂಗಳ ಸಂಬಳದ ಕೆಲಸ ಹುಡುಕಿ ಅದನ್ನೇ ಗಟ್ಟಿಯಾಗಿ ಹಿಡಿದುಕೊಳ್ಳುತ್ತಾರೆ. ಅವರಿಗೂ ಅಂಥದ್ದೊಂದು ಸಿಕ್ಕಿತು. 1918ರಲ್ಲಿ ಸಿಡೆನ್‌ಹ್ಯಾಮ್ ಕಾಲೇಜಿನ ಪ್ರಾಧ್ಯಾಪಕ ಹುದ್ದೆ. ಆದರೆ ಅದರಲ್ಲಿ ಉಳಿಸಿದ ಹಣ, ಕೊಲ್ಹಾಪುರದ ಶಾಹೂ ಮಹಾರಾಜರ ನೆರವು ಮತ್ತು ಗೆಳೆಯರಿಂದ ತಂದ ಕೈಗಡ ಸೇರಿಸಿಕೊಂಡು 1920ರಲ್ಲಿ ಮತ್ತೆ ಲಂಡನ್ ಹಡಗು ಹತ್ತಿದರು. 1922ರಲ್ಲಿ ಬ್ಯಾರಿಸ್ಟರ್ ಆದರು. ರೂಪಾಯಿಯ ಸಮಸ್ಯೆಯ ಕುರಿತ ಪ್ರಬಂಧಕ್ಕೆ 1923ರಲ್ಲಿ ಡಿ.ಎಸ್‌ಸಿ. ಬಂತು.

ಅದೇ ವರ್ಷ ಮುಂಬಯಿಗೆ ಬಂದಿಳಿದಾಗ ಅವರ ಕೈಯಲ್ಲಿ ಪದವಿಗಳಿದ್ದವು, ಸನದಿಗೆ ಕಟ್ಟಬೇಕಾದ ಶುಲ್ಕವಿರಲಿಲ್ಲ. ನವಲ್ ಭಥೇನಾ ಎಂಬ ಪಾರ್ಸಿ ಗೆಳೆಯ ಹಣ ಕೊಟ್ಟು ಸಹಾಯ ಮಾಡಿದರು. 1923ರ ಜುಲೈನಲ್ಲಿ ಮುಂಬಯಿ ಹೈಕೋರ್ಟಿನಲ್ಲಿ ಹೆಸರು ನೋಂದಾಯಿಸಿದರು. ವಯಸ್ಸು ಮೂವತ್ತೆರಡು. ಈ ಲೇಖನ ಓದುತ್ತಿರುವ ನನ್ನ ಬ್ಯಾಚಿನವರು ಈಗ ಹೆಚ್ಚುಕಡಿಮೆ ಅದೇ ವಯಸ್ಸಿನಲ್ಲಿದ್ದಾರೆ. ಸರ್ಕಾರಿ ನೌಕರಿಗೆ ಬೇಕಾದ ಅರ್ಹತೆ ಅವರಲ್ಲಿ ಬೇಕಾದಷ್ಟಿತ್ತು. ಆದರೆ ನೌಕರಿ ಹಿಡಿದರೆ ಬಾಯಿ ಕಟ್ಟುತ್ತದೆ, ಸಾರ್ವಜನಿಕ ಕೆಲಸಕ್ಕೆ ಕೈ ಕಾಲು ಆಡುವುದಿಲ್ಲ ಎಂಬುದು ಅವರ ಲೆಕ್ಕಾಚಾರವಾಗಿತ್ತು. ಯಾರ ಅಧೀನದಲ್ಲೂ ಇಲ್ಲದ ಕಸುಬು ಬೇಕು, ಅದು ವಕೀಲಿ ಎಂದು ನಿರ್ಧರಿಸಿದರು.

ಇಲ್ಲಿ ಆ ಕಾಲದ ಮುಂಬಯಿ ಹೈಕೋರ್ಟಿನ ವ್ಯವಸ್ಥೆಯನ್ನು ಸ್ವಲ್ಪ ವಿವರಿಸಬೇಕು, ಇಲ್ಲವಾದರೆ ಅವರ ಕಷ್ಟ ಎಲ್ಲಿತ್ತೆಂದು ತಿಳಿಯುವುದಿಲ್ಲ. ಮುಂಬಯಿ ನಗರದ ದೊಡ್ಡ ವ್ಯಾಪಾರಿ ದಾವೆಗಳು ನೇರವಾಗಿ ಹೈಕೋರ್ಟಿನಲ್ಲೇ ನಡೆಯುತ್ತಿದ್ದವು. ಹಣ ಇದ್ದದ್ದು ಅಲ್ಲಿ. ಆದರೆ ಅಂಥ ದಾವೆಯಲ್ಲಿ ಕಕ್ಷಿದಾರ ನೇರವಾಗಿ ಬ್ಯಾರಿಸ್ಟರ್ ಬಳಿ ಹೋಗುವಂತಿರಲಿಲ್ಲ. ಮೊದಲು ಸಾಲಿಸಿಟರ್ ಕಂಪನಿಗೆ ಹೋಗಬೇಕು, ಅವರು ಕಾಗದ ಪತ್ರ ಸಿದ್ಧಪಡಿಸಿ ತಮಗೆ ಬೇಕಾದ ಬ್ಯಾರಿಸ್ಟರಿಗೆ ಕೇಸು ಕೊಡಬೇಕು. ಅಂದರೆ ಬ್ಯಾರಿಸ್ಟರ್ ಎಷ್ಟೇ ಬುದ್ಧಿವಂತನಾಗಿದ್ದರೂ ಸಾಲಿಸಿಟರನ ಕಣ್ಣಿಗೆ ಬೀಳದಿದ್ದರೆ ಕೋರ್ಟಿನ ವರಾಂಡದಲ್ಲೇ ದಿನ ಕಳೆಯಬೇಕು. ನೆಂಟಸ್ತಿಕೆ, ಊಟೋಪಚಾರ, ಕ್ಲಬ್ಬಿನ ಪರಿಚಯಗಳ ಮೇಲೆ ನಡೆಯುತ್ತಿದ್ದ ಆ ಲೋಕದಲ್ಲಿ ಅಸ್ಪೃಶ್ಯ ಬ್ಯಾರಿಸ್ಟರಿಗೆ ಕೇಸು ಕೊಡಲು ಸಾಲಿಸಿಟರುಗಳು ಮುಂದೆ ಬರಲಿಲ್ಲ. ನಮ್ಮ ಕ್ಷೇತ್ರದಲ್ಲೂ ಕೆಲಸ ಬಲ್ಲವನಿಗೂ ಕೆಲಸ ಕೊಡುವವನಿಗೂ ನಡುವೆ ಒಬ್ಬ ಮಧ್ಯವರ್ತಿ ಕೂತಿರುವುದುಂಟು. ಅವನ ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ನಮ್ಮ ಬಿ.ಇ. ಸರ್ಟಿಫಿಕೇಟು ಫ್ರೇಮಿನಲ್ಲೇ ಇರುತ್ತದೆ. ಆದರೆ ನಮ್ಮನ್ನು ಮುಟ್ಟಿದರೆ ಮೈಲಿಗೆ ಎಂದು ಅವನು ಹೇಳುವುದಿಲ್ಲ.

ದೊಡ್ಡ ಬಾಗಿಲು ಮುಚ್ಚಿದ್ದರಿಂದ ಅಂಬೇಡ್ಕರರು ಜಿಲ್ಲಾ ಕೋರ್ಟು, ತಾಲ್ಲೂಕು ಕೋರ್ಟುಗಳ ಕಡೆಗೆ ಮತ್ತು ಅಲ್ಲಿಂದ ಹೈಕೋರ್ಟಿಗೆ ಬರುವ ಮೇಲ್ಮನವಿಗಳ ಕಡೆಗೆ ತಿರುಗಿದರು. ಅಲ್ಲಿ ಹಳ್ಳಿಯ ಕಕ್ಷಿದಾರ ತಾನೇ ವಕೀಲರನ್ನು ಹುಡುಕಿಕೊಂಡು ಬರಬಹುದಿತ್ತು. ಫೀಸು ಕಡಿಮೆ, ಓಡಾಟ ಹೆಚ್ಚು. ನಮ್ಮ ಭಾಗದವರು ಒಂದು ವಿಷಯ ನೆನಪಿಡಬೇಕು. ಆಗ ಬೆಳಗಾವಿ, ಧಾರವಾಡ, ವಿಜಾಪುರ, ಕಾರವಾರದ ಸೀಮೆಯೆಲ್ಲ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ನಮ್ಮ ಅಜ್ಜ ಮುತ್ತಜ್ಜಂದಿರ ಹೊಲದ ಬದುವಿನ ಜಗಳ ಕೊನೆಗೆ ಹೋಗಿ ತೀರ್ಮಾನವಾಗುತ್ತಿದ್ದದ್ದು ಅದೇ ಮುಂಬಯಿ ಹೈಕೋರ್ಟಿನಲ್ಲಿ.

ಆಗ ಅವರ ಮನೆ ಇದ್ದದ್ದು ಪರೇಲ್‌ನ ಚಾಳಿನಲ್ಲಿ, ಗಿರಣಿ ಕಾರ್ಮಿಕರ ನಡುವೆ. ಎರಡು ಸಣ್ಣ ಕೋಣೆಗಳಲ್ಲಿ ಇಡೀ ಸಂಸಾರ. ಒಂದರಲ್ಲಿ ಅಡಿಗೆ, ಮಲಗುವುದು, ಮಕ್ಕಳು, ಇನ್ನೊಂದರಲ್ಲಿ ಪುಸ್ತಕಗಳು. ಪತ್ನಿ ರಮಾಬಾಯಿ ಅಷ್ಟರಲ್ಲೇ ಮನೆ ತೂಗಿಸಿದರು. ಹುಟ್ಟಿದ ಐದು ಮಕ್ಕಳಲ್ಲಿ ನಾಲ್ಕು ಎಳೆಯ ವಯಸ್ಸಿನಲ್ಲೇ ತೀರಿಕೊಂಡವು. ಕೊನೆಯ ಮಗ ರಾಜರತ್ನ ಹೋದದ್ದು 1926ರಲ್ಲಿ, ವಕೀಲಿ ಇನ್ನೂ ಕುದುರುತ್ತಿದ್ದ ಕಾಲದಲ್ಲಿ. ವಕೀಲರ ಕಚೇರಿ ಎಂದು ಅವರಿಗಿದ್ದದ್ದು ಪರೇಲ್‌ನ ದಾಮೋದರ ಹಾಲಿನ ಕಟ್ಟಡದಲ್ಲಿ. 1924ರಲ್ಲಿ ಅವರೇ ಸ್ಥಾಪಿಸಿದ ಬಹಿಷ್ಕೃತ ಹಿತಕಾರಿಣಿ ಸಭಾದ ಕಚೇರಿಯೂ ಅಲ್ಲೇ. ಫೀಸು ಕೊಡುವ ಕಕ್ಷಿದಾರ, ಅರ್ಜಿ ಬರೆಸಿಕೊಳ್ಳಲು ಬಂದ ಬಡವ, ಹಾಸ್ಟೆಲ್ ಬೇಡಿಕೊಂಡು ಬಂದ ಹುಡುಗ, ಎಲ್ಲರೂ ಬರುತ್ತಿದ್ದದ್ದು ಅದೇ ಬಾಗಿಲಿಗೆ.

ವಕೀಲಿಯ ಆದಾಯ ಮಾತ್ರ ನಂಬಿಕೊಂಡು ಅವರು ಕೂರಲಿಲ್ಲ, ಇದನ್ನು ಯುವ ವಕೀಲರು ಗಮನಿಸಬೇಕು. 1925ರಿಂದ 1928ರವರೆಗೆ ಬಾಟ್ಲಿಬಾಯ್ ಅವರ ಅಕೌಂಟೆನ್ಸಿ ತರಬೇತಿ ಸಂಸ್ಥೆಯಲ್ಲಿ ವಾಣಿಜ್ಯ ಕಾನೂನನ್ನು ಅರೆಕಾಲಿಕವಾಗಿ ಕಲಿಸಿದರು. ಆಮೇಲೆ ಮುಂಬಯಿಯ ಸರ್ಕಾರಿ ಲಾ ಕಾಲೇಜಿನಲ್ಲೂ ಪಾಠ ಹೇಳಿದರು. ಬಾಡಿಗೆ ಪಾಠದ ಹಣದಿಂದ ಹೊರಡುತ್ತಿದ್ದರೆ ಬಡವನ ಕೇಸಿಗೆ ಫೀಸು ಕೇಳದಿರುವುದು ಸಾಧ್ಯವಾಗುತ್ತದೆ. ಇದು ನನ್ನ ಊಹೆ, ಆದರೆ ಸ್ವಂತ ಕೆಲಸ ಮಾಡುವ ಯಾರನ್ನು ಬೇಕಾದರೂ ಕೇಳಿ ನೋಡಿ.

ಹೆಸರು ತಂದುಕೊಟ್ಟ ಮೊದಲ ಕೇಸು 1926ರದ್ದು. ಪುಣೆಯ ಬ್ರಾಹ್ಮಣೇತರ ಚಳವಳಿಯ ಜವಳಕರ್, ಜೇಧೆ, ಬಾಗಡೆ ಮುಂತಾದವರ ಮೇಲೆ ಒಂದು ಪುಸ್ತಕದ ವಿಷಯದಲ್ಲಿ ಮಾನಹಾನಿ ಮೊಕದ್ದಮೆ ಬಿದ್ದಿತ್ತು. ತಿಲಕ್ ಹಾಗೂ ಚಿಪಳೂಣಕರ್ ಅವರನ್ನು ಅದರಲ್ಲಿ ಕಟುವಾಗಿ ಟೀಕಿಸಲಾಗಿತ್ತು. ಪುಣೆಯಲ್ಲಿ ಅಂಥ ಆಪಾದಿತರ ಪರ ನಿಲ್ಲುವುದು ಸುಲಭದ ಮಾತಲ್ಲ. ಅಂಬೇಡ್ಕರರು ಅವರ ಪರವಾಗಿ ವಾದಿಸಿ ಬಿಡಿಸಿಕೊಂಡು ಬಂದರು. ಆ ಹೊತ್ತಿಗೆ ಸನದು ಪಡೆದು ಮೂರು ವರ್ಷ ಕಳೆದಿತ್ತು.

ಎಲ್ಲ ಕೇಸನ್ನೂ ಗೆಲ್ಲಲಿಲ್ಲ. ರಘುನಾಥ ಧೋಂಡೋ ಕರ್ವೆ ಎಂಬವರು ಸಂತಾನ ನಿಯಂತ್ರಣದ ಬಗ್ಗೆ ತಿಳಿವಳಿಕೆ ಕೊಡಲು ಮರಾಠಿಯಲ್ಲಿ ಸಮಾಜಸ್ವಾಸ್ಥ್ಯ ಎಂಬ ಪತ್ರಿಕೆ ನಡೆಸುತ್ತಿದ್ದರು. ಓದುಗರ ಪ್ರಶ್ನೆಗಳಿಗೆ ಕೊಟ್ಟ ಉತ್ತರ ಅಶ್ಲೀಲವೆಂದು 1934ರಲ್ಲಿ ಅವರ ಮೇಲೆ ಖಟ್ಲೆ ನಡೆಯಿತು. ಮರ್ಯಾದಸ್ಥರು ದೂರ ಸರಿಯುತ್ತಿದ್ದ ಈ ಕೇಸನ್ನು ಅಂಬೇಡ್ಕರರು ತೆಗೆದುಕೊಂಡರು. ಸೋತರು, ಕರ್ವೆಯವರಿಗೆ ದಂಡ ಬಿತ್ತು. ಜೀವನಚರಿತ್ರೆ ಬರೆಯುವವರು ಗೆದ್ದ ಕೇಸುಗಳನ್ನೇ ಹೆಚ್ಚು ಬರೆಯುತ್ತಾರೆ. ನನಗೆ ಈ ಸೋತ ಕೇಸು ಹೆಚ್ಚು ಇಷ್ಟ.

ಆದರೆ ಅವರ ವಕೀಲತನ ನಿಜವಾಗಿ ಕಾಣುವುದು ಅವರೇ ಪ್ರತಿವಾದಿಯಾಗಿದ್ದ ದಾವೆಯಲ್ಲಿ. ಸಾರ್ವಜನಿಕ ಹಣದಿಂದ ಆದ ಕೆರೆ, ಬಾವಿಗಳು ಅಸ್ಪೃಶ್ಯರಿಗೂ ಮುಕ್ತವಾಗಬೇಕೆಂದು 1923ರಲ್ಲಿ ಮುಂಬಯಿ ಶಾಸನ ಪರಿಷತ್ತು ಎಸ್.ಕೆ. ಬೋಲೆಯವರ ಗೊತ್ತುವಳಿಯನ್ನು ಒಪ್ಪಿತ್ತು. ಕೊಲಾಬಾ ಜಿಲ್ಲೆಯ ಮಹಾಡ್ ಪುರಸಭೆ 1924ರಲ್ಲಿ ತನ್ನ ಚವದಾರ್ ಕೆರೆಯನ್ನು ಎಲ್ಲರಿಗೂ ತೆರೆದಿದೆಯೆಂದು ಠರಾವು ಮಾಡಿತು. ಠರಾವು ಕಾಗದದಲ್ಲೇ ಉಳಿಯಿತು. 1927ರ ಮಾರ್ಚ್ 20ರಂದು ಅಂಬೇಡ್ಕರರು ಸಾವಿರಾರು ಜನರೊಂದಿಗೆ ಮೆರವಣಿಗೆಯಲ್ಲಿ ಹೋಗಿ ಆ ಕೆರೆಯ ನೀರು ಕುಡಿದರು. ಅದೇ ದಿನ ಅವರ ಜನರ ಮೇಲೆ ಹಲ್ಲೆ ನಡೆಯಿತು, ಆಮೇಲೆ ಕೆರೆಯನ್ನು ಶುದ್ಧಿ ಮಾಡಲಾಯಿತು. ಆಗಸ್ಟಿನಲ್ಲಿ ಪುರಸಭೆಯೂ ತನ್ನ ಠರಾವನ್ನು ಹಿಂತೆಗೆದುಕೊಂಡಿತು.

ಡಿಸೆಂಬರಿನಲ್ಲಿ ಮತ್ತೆ ಸತ್ಯಾಗ್ರಹ ಎಂದು ಗೊತ್ತಾಯಿತು. ಎದುರಾಳಿಗಳು ಅದಕ್ಕೆ ಮೊದಲೇ ಮಹಾಡ್ ಕೋರ್ಟಿಗೆ ಹೋದರು. ಕೆರೆ ಸವರ್ಣೀಯರದ್ದು, ಅನಾದಿಕಾಲದಿಂದ ಅಸ್ಪೃಶ್ಯರು ಅದನ್ನು ಬಳಸಿಲ್ಲ, ಅದೇ ರೂಢಿ ಎಂದು ದಾವೆ ಹೂಡಿ ಡಿಸೆಂಬರ್ 14ರಂದು ತಾತ್ಕಾಲಿಕ ತಡೆಯಾಜ್ಞೆ ತಂದರು. ಡಿಸೆಂಬರ್ 25ಕ್ಕೆ ಸಾವಿರಾರು ಜನ ಬಂದು ಸೇರಿದರು. ಜೈಲಿಗೆ ಹೋಗಲು ಸಿದ್ಧರೆಂದು ಹೆಸರು ಬರೆಸಿದವರು ಬೇಕಾದಷ್ಟು ಮಂದಿ ಇದ್ದರು. ಒಂದು ಕಡೆ ಆ ಜನರ ಕಾವು, ಇನ್ನೊಂದು ಕಡೆ ಕೋರ್ಟಿನ ಆಜ್ಞೆ. ನೀರಿಗೆ ಇಳಿಯೋಣ ಎಂದಿದ್ದರೆ ಇಡೀ ಸಭೆ ಹಿಂದೆ ಬರುತ್ತಿತ್ತು. ಅಂಬೇಡ್ಕರರು ಸತ್ಯಾಗ್ರಹ ಮುಂದಕ್ಕೆ ಹಾಕೋಣ ಎಂದು ಜನರನ್ನು ಒಪ್ಪಿಸಿದರು. ಎದುರಿಗೆ ನಿಂತಿರುವುದು ಖಾಸಗಿ ಜನರಷ್ಟೆ, ಸರ್ಕಾರವನ್ನೂ ಕೋರ್ಟನ್ನೂ ಅವರ ಪಕ್ಕಕ್ಕೆ ತಳ್ಳಬಾರದು ಎಂಬುದು ಅವರ ವಿಚಾರ. ಜನ ಕೆರೆಯ ಸುತ್ತ ಮೆರವಣಿಗೆ ಬಂದರು, ನೀರು ಮುಟ್ಟಲಿಲ್ಲ. ಮನುಸ್ಮೃತಿಯನ್ನು ಸುಟ್ಟದ್ದೂ ಅದೇ ಸಮ್ಮೇಳನದಲ್ಲಿ. ಅಂದರೆ ಹೆದರಿ ಹಿಂದೆ ಸರಿದರು ಎಂದು ಯಾರೂ ಹೇಳುವಂತಿರಲಿಲ್ಲ.

ಆಮೇಲೆ ಶುರುವಾಯಿತು ವಾಯಿದೆಗಳ ಮೇಲೆ ವಾಯಿದೆ. 1928ರ ಫೆಬ್ರವರಿಯಲ್ಲಿ ತಡೆಯಾಜ್ಞೆ ತೆರವಾಯಿತು. ಮೂಲ ದಾವೆ 1931ರ ಜೂನ್‌ನಲ್ಲಿ ಅಂಬೇಡ್ಕರರ ಪರವಾಗಿ ತೀರ್ಮಾನವಾಯಿತು. ಎದುರಾಳಿಗಳು ಜಿಲ್ಲಾ ಕೋರ್ಟಿಗೆ ಹೋದರು, 1933ರಲ್ಲಿ ಅಲ್ಲಿಯೂ ಸೋತರು. ಹೈಕೋರ್ಟಿಗೆ ಹೋದರು. ಈ ನಡುವೆ ಅಂಬೇಡ್ಕರರು ದುಂಡುಮೇಜಿನ ಪರಿಷತ್ತಿಗಾಗಿ ಲಂಡನ್ನಿಗೆ ಹೋಗಿಬಂದರು, 1932ರಲ್ಲಿ ಪುಣೆ ಒಪ್ಪಂದಕ್ಕೆ ಸಹಿ ಹಾಕಿದರು, ಚಾಳು ಬಿಟ್ಟು ದಾದರ್‌ನಲ್ಲಿ ರಾಜಗೃಹ ಎಂಬ ಮನೆ ಕಟ್ಟಿಸಿಕೊಂಡರು. 1935ರ ಮೇ ತಿಂಗಳಲ್ಲಿ ರಮಾಬಾಯಿ ತೀರಿಕೊಂಡರು. ಅದೇ ವರ್ಷ ಅವರು ಸರ್ಕಾರಿ ಲಾ ಕಾಲೇಜಿನ ಪ್ರಿನ್ಸಿಪಾಲರಾದರು. ಕೆರೆಯ ದಾವೆ ಮಾತ್ರ ಇನ್ನೂ ಹೈಕೋರ್ಟಿನಲ್ಲೇ ಇತ್ತು.

1937ರ ಮಾರ್ಚ್ 17ರಂದು ನ್ಯಾಯಮೂರ್ತಿಗಳಾದ ಬ್ರೂಮ್‌ಫೀಲ್ಡ್ ಮತ್ತು ವಾಡಿಯಾ ತೀರ್ಪು ಕೊಟ್ಟರು. ಕೆರೆ ಪುರಸಭೆಯ ಸ್ವತ್ತು, ವಾದಿಗಳು ಹೇಳುವ ರೂಢಿ ಅನಾದಿಕಾಲದ್ದೆಂದು ಸಾಬೀತಾಗಿಲ್ಲ ಎಂದು ಮೇಲ್ಮನವಿ ವಜಾ ಆಯಿತು. 1922ರಲ್ಲಿ ಅಹಮದಾಬಾದಿನಲ್ಲಿ ಗಾಂಧೀಜಿಗೆ ಆರು ವರ್ಷದ ಶಿಕ್ಷೆ ವಿಧಿಸಿದವರೂ ಇದೇ ಬ್ರೂಮ್‌ಫೀಲ್ಡ್. ಒಂದು ಬೊಗಸೆ ನೀರು ಕುಡಿದದ್ದಕ್ಕೂ ಅದು ಸರಿಯೆಂದು ಕೊನೆಯ ತೀರ್ಪು ಬಂದದ್ದಕ್ಕೂ ನಡುವೆ ಕಳೆದದ್ದು ಮೂರು ದಿನ ಕಡಿಮೆ ಹತ್ತು ವರ್ಷ. ನಮ್ಮೂರಿನಲ್ಲಿ ಜಮೀನಿನ ಕೇಸು ಹಾಕಿದವರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಾಗಿಲ್ಲ.

1938ರಲ್ಲಿ ಪ್ರಿನ್ಸಿಪಾಲ್ ಹುದ್ದೆ ಬಿಟ್ಟರು. 1942ರ ಜುಲೈನಲ್ಲಿ ವೈಸರಾಯ್ ಕಾರ್ಯಕಾರಿ ಮಂಡಳಿಯ ಕಾರ್ಮಿಕ ಸದಸ್ಯರಾಗಿ ದೆಹಲಿಗೆ ಹೋದ ಮೇಲೆ ವಕೀಲಿ ಮಾಡಲು ಬಿಡುವು ಉಳಿಯಲಿಲ್ಲ. ಅಲ್ಲಿಂದ ಮುಂದಿನದು ನಾವು ಪರೀಕ್ಷೆಯಲ್ಲಿ ಬರೆಯುತ್ತಿದ್ದ ಅಂಬೇಡ್ಕರರ ಕತೆ.

ವಕೀಲಿ ಕಾಲದ ಒಂದು ಕೆಲಸ ನಮ್ಮ ಸೀಮೆಯಲ್ಲೂ ಉಳಿದಿದೆ. 1928ರಲ್ಲಿ ಅವರು ಆರಂಭಿಸಿದ ಶಿಕ್ಷಣ ಸಂಸ್ಥೆಯ ಮೂಲಕ ಪ್ರೌಢಶಾಲೆ ಓದುವ ದಲಿತ ಹುಡುಗರಿಗಾಗಿ ಕೆಲವು ಊರುಗಳಲ್ಲಿ ಹಾಸ್ಟೆಲ್ ತೆರೆದರು. ಪನವೇಲ್, ಠಾಣೆ, ನಾಸಿಕ್, ಪುಣೆಯ ಜೊತೆಗೆ ಆ ಪಟ್ಟಿಯಲ್ಲಿದ್ದ ಇನ್ನೊಂದು ಊರು ನಮ್ಮ ಧಾರವಾಡ. ಮುಂದೆ 1946ರಲ್ಲಿ ಮುಂಬಯಿಯಲ್ಲಿ ಸಿದ್ಧಾರ್ಥ ಕಾಲೇಜು ಆರಂಭಿಸಿದಾಗ, ದುಡಿದುಕೊಂಡೇ ಓದುವವರಿಗೆ ಅನುಕೂಲವಾಗಲೆಂದು ತರಗತಿಗಳನ್ನು ಬೆಳಿಗ್ಗೆ ಇಟ್ಟರು. ಅದೇ ಸಂಸ್ಥೆಯ ಲಾ ಕಾಲೇಜು ಶುರುವಾದದ್ದು 1956ರಲ್ಲಿ, ಅವರು ತೀರಿಕೊಂಡ ವರ್ಷ.