ಮುರಿದ ಕಾಲಿನ ಯಾತ್ರಿಕ

ಜುಲೈ 31 ಸಂತ ಇಗ್ನೇಷಿಯಸ್ ಲೊಯೋಲರ ಹಬ್ಬ. ಕಷ್ಟ ಬಂದೊಡನೆ ದೇವರು ಕೈಬಿಟ್ಟರೆಂದು ಕಳವಳಗೊಳ್ಳುವ ನಾವು ಅವರ ಜೀವನವನ್ನೊಮ್ಮೆ ಅವಲೋಕಿಸುವುದು ಉಚಿತ.

ಸ್ಪೇನಿನ ಬಾಸ್ಕ್ ಪ್ರಾಂತ್ಯದ ಕುಲೀನ ಮನೆತನದಲ್ಲಿ ಜನಿಸಿದ ಇವರು ಕೀರ್ತಿಯನ್ನೇ ಬಯಸಿದ್ದವರು. 1521ರಲ್ಲಿ ಪಾಂಪ್ಲೋನ ಕೋಟೆಯ ಕದನದಲ್ಲಿ ಫಿರಂಗಿಯ ಗುಂಡು ಅವರ ಕಾಲನ್ನು ಮುರಿಯಿತು. ಮೂಳೆಯು ಮೊಣಕಾಲ ಕೆಳಗೆ ಉಬ್ಬಿ ನಿಂತಿತು. ಬಿಗಿಯಾದ ಬೂಟು ತೊಡಲು ಅಡ್ಡಿಯೆಂದು ಅದನ್ನು ಗರಗಸದಿಂದ ಕೊಯ್ಯಿಸಿಕೊಂಡರು. ಆ ಘೋರ ಯಾತನೆಯನ್ನು ಸಹಿಸಿದ್ದು ದೇವರಿಗಾಗಿ ಅಲ್ಲ, ಅಂದಕ್ಕಾಗಿ! ನೋವು ತಾನಾಗಿಯೇ ಯಾರನ್ನೂ ಸಂತರನ್ನಾಗಿ ಮಾಡದು.

ಹಾಸಿಗೆಯಲ್ಲಿದ್ದಾಗ ಓದಲು ವೀರಕಥೆಗಳನ್ನು ಕೇಳಿದರು. ದೊರೆತದ್ದು ಕ್ರಿಸ್ತರ ಮತ್ತು ಸಂತರ ಚರಿತ್ರೆಗಳು. ಲೌಕಿಕ ಕನಸುಗಳ ಬಳಿಕ ಮನಸ್ಸು ಬರಡಾಗುತ್ತಿತ್ತು. ಸಂತರಂತೆ ಬಾಳುವ ಯೋಚನೆಯ ಬಳಿಕ ಸಮಾಧಾನವು ಉಳಿಯುತ್ತಿತ್ತು. ಈ ವ್ಯತ್ಯಾಸವನ್ನು ಗಮನಿಸಿದ್ದೇ ಅವರ ಪರಿವರ್ತನೆಯ ಆರಂಭ.

1522ರಲ್ಲಿ ಮೊನ್‌ಸೆರಾತ್ ಮಾತೆಯ ಸನ್ನಿಧಿಯಲ್ಲಿ ಖಡ್ಗವನ್ನು ತ್ಯಜಿಸಿದರು. ಮರುವರ್ಷ ಜೆರುಸಲೇಮಿನಲ್ಲಿ ನೆಲೆಸಲು ಹೋದಾಗ ಅಲ್ಲಿನ ಫ್ರಾನ್ಸಿಸ್ಕನ್ ಶ್ರೇಷ್ಠರು ಹಿಂದಿರುಗುವಂತೆ ಆಜ್ಞಾಪಿಸಿದರು. ವಿಧೇಯರಾಗಿ ಮರಳಿ, ಮೂವತ್ತು ದಾಟಿದ ವಯಸ್ಸಿನಲ್ಲಿ ಬಾರ್ಸಿಲೋನದಲ್ಲಿ ಬಾಲಕರೊಡನೆ ಕುಳಿತು ಲ್ಯಾಟಿನ್ ಕಲಿತರು. 1534ರಲ್ಲಿ ಪ್ಯಾರಿಸ್ಸಿನಲ್ಲಿ ಫ್ರಾನ್ಸಿಸ್ ಕ್ಸೇವಿಯರರೇ ಮೊದಲಾದ ಆರು ಸಂಗಾತಿಗಳೊಡನೆ ವ್ರತ ಸ್ವೀಕರಿಸಿ, ಮತ್ತೆ ಜೆರುಸಲೇಮಿಗೆ ತೆರಳಲು ಸಂಕಲ್ಪಿಸಿದರು. ಯುದ್ಧದ ನಿಮಿತ್ತ ಆ ದಾರಿಯೂ ಮುಚ್ಚಿತು. ಆಗ ತಮ್ಮನ್ನು ಜಗದ್ಗುರುಗಳಿಗೆ ಒಪ್ಪಿಸಿಕೊಂಡರು. 1540ರಲ್ಲಿ ಯೇಸುಸಭೆಗೆ ಮಾನ್ಯತೆ ದೊರೆಯಿತು. ಯಾತ್ರಿಕನಾಗಬಯಸಿದ್ದವರು ರೋಮಿನಲ್ಲೇ ನಿಂತು, ಪತ್ರಗಳ ಮೂಲಕ ಸಭೆಯನ್ನು ಮುನ್ನಡೆಸಿ, 1556ರಲ್ಲಿ ದೈವಾಧೀನರಾದರು.

ಕಾಲಿನ ಊನವು ಕಡೆಯವರೆಗೂ ಉಳಿಯಿತು. ನಮ್ಮ ಯೋಜನೆಗಳು ಮುರಿದಾಗ, ಹಳೆಯ ಬೂಟಿಗೆ ಕಾಲನ್ನು ಹೊಂದಿಸಲು ಹೆಣಗದಿರೋಣ. ಯಾವ ಯೋಚನೆಯು ನಮ್ಮಲ್ಲಿ ಶಾಂತಿಯನ್ನು ಉಳಿಸುತ್ತದೆಂದು ಪ್ರಾರ್ಥನೆಯಲ್ಲಿ ಅರಸೋಣ.