ನೇಚರಿ ಎನಿಸಿಕೊಂಡ ಸರ್ ಸೈಯದ್



ರಾಜಾಜಿನಗರ, ವಿಜಯನಗರ, ಕೆಂಗೇರಿಯ ಕಡೆಯಿಂದ ಪಿಯುಸಿಗೆ ಹೋಗುವ ನಮ್ಮ ಮಕ್ಕಳಲ್ಲಿ ಕೆಲವರು ಜೀವಶಾಸ್ತ್ರದ ವಿಕಾಸವಾದದ ಪಾಠ ಬಂದಾಗ ಇಕ್ಕಟ್ಟಿಗೆ ಸಿಲುಕುತ್ತಾರೆ. ಪರೀಕ್ಷೆಯಲ್ಲಿ ಡಾರ್ವಿನ್ ಬಗ್ಗೆ ಬರೆದರೆ ಅಂಕ ಸಿಗುತ್ತದೆ, ಮನೆಯಲ್ಲಿ ಅದೇ ಮಾತೆತ್ತಿದರೆ ಹಿರಿಯರ ಹುಬ್ಬು ಗಂಟಿಕ್ಕುತ್ತದೆ. ಸೃಷ್ಟಿವಾದದ ಪರ ಮಾತಾಡುವವರೆಲ್ಲ ಅವಿದ್ಯಾವಂತರೆಂದು ಒಂದು ಗುಂಪು ನಗುತ್ತದೆ. ವಿಕಾಸವಾದ ಓದುವವರೆಲ್ಲ ದೀನ್ ಬಿಟ್ಟವರೆಂದು ಇನ್ನೊಂದು ಗುಂಪು ಹೇಳುತ್ತದೆ. ಈ ಹಣೆಪಟ್ಟಿಯ ಭಾರವನ್ನು ಬದುಕಿಡೀ ಹೊತ್ತ ಒಬ್ಬರ ಕಥೆ ನಿಮಗೆ ಗೊತ್ತಿರಲಿ. ಅವರು ಸರ್ ಸೈಯದ್ ಅಹ್ಮದ್ ಖಾನ್. ಕಾಲೇಜು ಕಟ್ಟಿದವರೆಂದು ಅವರನ್ನು ಎಲ್ಲರೂ ಬಲ್ಲೆವು. ಇಲ್ಲಿ ಹೇಳಹೊರಟಿರುವುದು ಅವರ ಜೀವನದ ಇನ್ನೊಂದು ಮುಖ.

1817ರ ಅಕ್ಟೋಬರ್ 17ರಂದು ದೆಹಲಿಯಲ್ಲಿ ಜನಿಸಿದ ಅವರು ಈಸ್ಟ್ ಇಂಡಿಯಾ ಕಂಪನಿಯ ನ್ಯಾಯಾಂಗ ಇಲಾಖೆಯಲ್ಲಿ ನೌಕರಿಗೆ ಸೇರಿದರು. 1847ರಲ್ಲಿ ದೆಹಲಿಯ ಸ್ಮಾರಕಗಳನ್ನು ಕುರಿತ ಆಸಾರುಸ್ಸನಾದೀದ್ ಎಂಬ ಗ್ರಂಥ ಪ್ರಕಟಿಸಿ ಹೆಸರು ಗಳಿಸಿದರು. ಮರುವರ್ಷ ಅವರು ಬರೆದ ಒಂದು ಚಿಕ್ಕ ಪುಸ್ತಿಕೆಯ ವಿಷಯ ಕೇಳಿದರೆ ನಿಮಗೆ ಅಚ್ಚರಿಯಾದೀತು. ಭೂಮಿ ಚಲಿಸುವುದಿಲ್ಲ, ಸೂರ್ಯನೇ ಅದರ ಸುತ್ತ ತಿರುಗುತ್ತಾನೆ ಎಂದು ಅವರು ಅದರಲ್ಲಿ ವಾದಿಸಿದ್ದರು! ಮುಂದೆ ವಿಜ್ಞಾನದ ವಕೀಲರೆನಿಸಿದ ವ್ಯಕ್ತಿಯ ಮೂವತ್ತೊಂದನೆಯ ವಯಸ್ಸಿನ ನಿಲುವು ಅದು. ನಂತರ ಆ ನಿಲುವನ್ನು ಅವರು ಕೈಬಿಟ್ಟರು. ಅವರ ಅಭಿಮಾನಿಗಳು ಈ ಪುಸ್ತಿಕೆಯನ್ನು ಅಷ್ಟಾಗಿ ನೆನಪಿಸಿಕೊಳ್ಳುವುದಿಲ್ಲ. ನನ್ನ ಮಟ್ಟಿಗೆ ಅವರ ದೊಡ್ಡತನ ಅಲ್ಲಿಂದಲೇ ಶುರುವಾಗುತ್ತದೆ.

1857ರ ದಂಗೆಯ ಕಾಲದಲ್ಲಿ ಅವರು ಬಿಜನೌರ್‌ನಲ್ಲಿದ್ದರು. ಅನಂತರದ ದೆಹಲಿಯ ವಿನಾಶ ಅವರ ಮನಸ್ಸನ್ನು ಕಲಕಿತು. 1864ರಲ್ಲಿ ಘಾಜೀಪುರದಲ್ಲಿ ಸೈಂಟಿಫಿಕ್ ಸೊಸೈಟಿ ಸ್ಥಾಪಿಸಿ ಇಂಗ್ಲಿಷ್ ಗ್ರಂಥಗಳನ್ನು ಉರ್ದುವಿಗೆ ತರಿಸಿದರು. 1869ರಲ್ಲಿ ಇಂಗ್ಲೆಂಡಿಗೆ ಹೋದರು. ಡಾರ್ವಿನ್‌ನ ಗ್ರಂಥ ಹೊರಬಂದು ಆಗ ಹತ್ತು ವರ್ಷವಾಗಿತ್ತು. ಚರ್ಚಿನವರಿಗೂ ವಿಜ್ಞಾನಿಗಳಿಗೂ ಅಲ್ಲಿ ಜಟಾಪಟಿ ನಡೆದೇ ಇತ್ತು. 1870ರಲ್ಲಿ ಮರಳಿದವರೇ ತಹಝೀಬುಲ್ ಅಖ್ಲಾಕ್ ಪತ್ರಿಕೆ ಆರಂಭಿಸಿದರು.

ಅವರ ಸಿದ್ಧಾಂತ ಸರಳವಾಗಿತ್ತು. ಕುರ್‌ಆನ್ ಅಲ್ಲಾಹನ ವಚನ, ಪ್ರಕೃತಿ ಅಲ್ಲಾಹನ ಕಾರ್ಯ. ಇವೆರಡರ ನಡುವೆ ವಿರೋಧವಿರಲು ಸಾಧ್ಯವಿಲ್ಲ. ವಿರೋಧ ಕಂಡರೆ ನಮ್ಮ ಗ್ರಹಿಕೆಯಲ್ಲೇ ದೋಷವಿದೆ. 1880ರಿಂದ ಪ್ರಕಟವಾಗತೊಡಗಿದ ತಮ್ಮ ತಫ್ಸೀರ್‌ನಲ್ಲಿ ಅವರು ಹಝ್ರತ್ ಆದಮ್ ಅವರ ವೃತ್ತಾಂತವನ್ನು ಮಾನವ ಸ್ವಭಾವದ ರೂಪಕವೆಂದು ವಿವರಿಸಿದರು. ಉಲಮಾಗಳಿಗೆ ಇದು ಸಹನೆಯಾಗಲಿಲ್ಲ. ನೇಚರ್ ಎಂಬ ಇಂಗ್ಲಿಷ್ ಪದದಿಂದ ನೇಚರಿ ಎಂಬ ಬೈಗುಳವೇ ಹುಟ್ಟಿತು. ಕುಫ್ರ್‌ನ ಫತ್ವಾಗಳು ಬಂದವು. ಒಬ್ಬರಂತೂ ಮಕ್ಕಾದವರೆಗೆ ಹೋಗಿ ಫತ್ವಾ ತಂದರು. ಆದಮ್ ಅವರ ವಿಷಯದಲ್ಲಿ ಸರ್ ಸೈಯದರ ವ್ಯಾಖ್ಯಾನವನ್ನು ನೀವು ಒಪ್ಪಲೇಬೇಕೆಂದು ನಾನು ಹೇಳುತ್ತಿಲ್ಲ. ಅವರ ಆಪ್ತರಲ್ಲೇ ಒಪ್ಪದವರಿದ್ದರು. ಆದರೆ ಅಲ್ಲಾಹನೇ ಸೃಷ್ಟಿಕರ್ತನೆಂಬುದನ್ನು ಅವರು ಎಂದೂ ನಿರಾಕರಿಸಿರಲಿಲ್ಲ ಎಂಬುದನ್ನು ಅಂದಿನ ಜನ ಗಮನಿಸಲಿಲ್ಲ.

ಈ ಜಗಳ ನಮ್ಮ ನೆರೆಗೂ ಬಂತು. ಜಮಾಲುದ್ದೀನ್ ಅಫ್ಘಾನಿ ಆಗ ಹೈದರಾಬಾದಿನಲ್ಲಿದ್ದರು. ಇಂದಿನ ಕಲಬುರಗಿ, ಬೀದರ್, ರಾಯಚೂರು ಆ ಕಾಲದಲ್ಲಿ ಅದೇ ನಿಜಾಮ್ ರಾಜ್ಯಕ್ಕೆ ಸೇರಿದ್ದವು. ನೇಚರಿ ಎಂದರೇನೆಂದು ಅಲ್ಲಿನ ಒಬ್ಬ ಗಣಿತದ ಉಸ್ತಾದರು ಕೇಳಿದ್ದಕ್ಕೆ ಉತ್ತರವಾಗಿ ಅಫ್ಘಾನಿ 1881ರಲ್ಲಿ ಫಾರಸಿಯಲ್ಲಿ ಒಂದು ಖಂಡನ ಗ್ರಂಥ ಬರೆದರು. ಡಾರ್ವಿನ್‌ನ ಪ್ರಕಾರ ಕಾಲಕ್ರಮದಲ್ಲಿ ಚಿಗಟವೂ ಆನೆಯಾಗಬಹುದು ಎಂದು ಅಣಕಿಸಿದರು. ಸಾವಿರಾರು ವರ್ಷಗಳಿಂದ ಖತ್ನಾ ಮಾಡಿಸಿಕೊಂಡ ಜನಾಂಗಗಳಲ್ಲಿ ಮಕ್ಕಳು ಇನ್ನೂ ಹಾಗೆಯೇ ಏಕೆ ಹುಟ್ಟುವುದಿಲ್ಲ ಎಂದು ಕೇಳಿದರು. ಓದಲು ರಂಜನೀಯ, ಆದರೆ ಡಾರ್ವಿನ್‌ನ ವಾದದ ತಿರುಳು ಅದಲ್ಲ. ಬಾಲ ಕತ್ತರಿಸಿದ ನಾಯಿಗೆ ಬಾಲವಿಲ್ಲದ ಮರಿ ಹುಟ್ಟುತ್ತದೆಂದು ನೈಸರ್ಗಿಕ ಆಯ್ಕೆಯ ತತ್ವ ಹೇಳುವುದಿಲ್ಲ. ಅಫ್ಘಾನಿ ಸಾಮಾನ್ಯರಲ್ಲ, ಸಾಮ್ರಾಜ್ಯಶಾಹಿಯ ವಿರುದ್ಧ ದೇಶದೇಶ ಅಲೆದ ಧೀರರು. ಬ್ರಿಟಿಷರ ಪರವಾಗಿದ್ದ ಸರ್ ಸೈಯದರ ಮೇಲೆ ಅವರಿಗಿದ್ದ ರಾಜಕೀಯ ಸಿಟ್ಟೂ ಆ ಗ್ರಂಥದ ಹಿಂದೆ ಇತ್ತು. ಕೊನೆಗಾಲದಲ್ಲಿ ಡಾರ್ವಿನ್ ಕುರಿತ ಅವರ ಮಾತು ಮೃದುವಾಯಿತು.

ಸೃಷ್ಟಿವಾದದ ಪ್ರಚಾರಕರನ್ನು ನಮ್ಮ ಕಾಲದಲ್ಲೂ ಕಂಡಿದ್ದೇವೆ. ಹಾರೂನ್ ಯಹ್ಯಾ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ತುರ್ಕಿಯ ಅದ್ನಾನ್ ಒಕ್ತಾರ್, 2006ರ ನಂತರ ಸೃಷ್ಟಿಯ ಅಟ್ಲಾಸ್ ಎಂಬ ಹೊಳಪು ಕಾಗದದ ಬೃಹತ್ ಪುಸ್ತಕವನ್ನು ದೇಶವಿದೇಶದ ವಿದ್ವಾಂಸರಿಗೆ ಉಚಿತವಾಗಿ ಕಳುಹಿಸಿದ. ಅನೇಕರು ಅದನ್ನು ದೀನ್‌ನ ಸೇವೆಯೆಂದೇ ನಂಬಿದರು. ಲೈಂಗಿಕ ದೌರ್ಜನ್ಯ ಮೊದಲಾದ ಅಪರಾಧಗಳಿಗಾಗಿ 2022ರಲ್ಲಿ ಇಸ್ತಾಂಬುಲ್ ನ್ಯಾಯಾಲಯ ಆತನಿಗೆ 8,658 ವರ್ಷಗಳ ಶಿಕ್ಷೆ ವಿಧಿಸಿತು. ಇದರಿಂದ ಸೃಷ್ಟಿಕರ್ತನ ಮೇಲಿನ ಈಮಾನ್‌ಗೆ ಕುಂದಿಲ್ಲ. ಆ ಅಟ್ಲಾಸ್‌ನ ತಪ್ಪುಗಳು ಆತ ಜೈಲಿಗೆ ಹೋಗುವ ಮುಂಚೆಯೂ ತಪ್ಪುಗಳೇ ಆಗಿದ್ದವು.

ಮತ್ತೆ ಅಲಿಗಢಕ್ಕೆ ಬರೋಣ. 1875ರಲ್ಲಿ ಶಾಲೆ ತೆರೆಯಿತು, 1877ರಲ್ಲಿ ಕಾಲೇಜಿನ ಅಡಿಗಲ್ಲು ಬಿತ್ತು. ನೇಚರಿಯ ಕಾಲೇಜಿಗೆ ಮಕ್ಕಳನ್ನು ಕಳಿಸಬೇಡಿರೆಂಬ ಕೂಗು ಎದ್ದಾಗ ಸರ್ ಸೈಯದ್ ಏನು ಮಾಡಿದರು ಗೊತ್ತೇ? ಧಾರ್ಮಿಕ ಪಾಠದ ಹೊಣೆಯನ್ನು ಸಾಂಪ್ರದಾಯಿಕ ವಿದ್ವಾಂಸರ ಸಮಿತಿಗೆ ಬಿಟ್ಟುಕೊಟ್ಟು ತಾವು ಅದರಿಂದ ಹೊರಗುಳಿದರು. ತಮ್ಮ ತಫ್ಸೀರನ್ನು ಮಕ್ಕಳ ಮೇಲೆ ಹೇರಲಿಲ್ಲ. ಚಂದಾಕ್ಕಾಗಿ ಊರೂರು ತಿರುಗಿದರು, ವೇದಿಕೆ ಏರಿ ಪ್ರದರ್ಶನವನ್ನೂ ಕೊಟ್ಟರು. ವಯಸ್ಸಾದ ಜಡ್ಜ್ ಸಾಹೇಬರಿಗೆ ಇದು ತಕ್ಕುದಲ್ಲವೆಂದವರೂ ಇದ್ದರು.

ಅವರನ್ನೂ ಡಾರ್ವಿನ್‌ನನ್ನೂ ವ್ಯಂಗ್ಯ ಪದ್ಯಗಳಲ್ಲಿ ಚುಚ್ಚಿದವರಲ್ಲಿ ಕವಿ ಅಕ್ಬರ್ ಇಲಾಹಾಬಾದಿ ಮುಖ್ಯರು. 1898ರ ಮಾರ್ಚ್ 27ರಂದು ಸರ್ ಸೈಯದ್ ಅಲಿಗಢದಲ್ಲಿ ತೀರಿಕೊಂಡಾಗ ಅದೇ ಅಕ್ಬರ್, ಅವರ ದುಡಿಮೆಯ ಮುಂದೆ ತಮ್ಮದೆಲ್ಲ ಬರಿಯ ಮಾತೆಂದು ಪದ್ಯದಲ್ಲಿ ಒಪ್ಪಿಕೊಂಡರು. ಕಾಫಿರನೆಂದು ಕರೆಸಿಕೊಂಡ ಆ ಮನುಷ್ಯನ ಸಮಾಧಿ ಅಲಿಗಢ ಮುಸ್ಲಿಂ ವಿಶ್ವವಿದ್ಯಾಲಯದ ಮಸೀದಿಯ ಆವರಣದಲ್ಲೇ ಇದೆ.